ಗೃಹಪ್ರವೇಶದ ಹಸು

ಬೆಳಿಗ್ಗೆ ಎಂಟಕ್ಕೆ ಪೋಸ್ಟ್‌ಮ್ಯಾನ್ ಚೆಲುವಯ್ಯ ಟೇಪು ಹಿಡಿದು ವಕೀಲ ಶೇಷಗಿರಿರಾಯರ ಮನೆಯ ಬಾಗಿಲು ಅಳೆಯತೊಡಗಿದ.

ರಾಯರು ಪೇಪರು ಕೆಳಗಿಟ್ಟರು. "ಏನಯ್ಯ ಅದು?"

"ಹಸು ಒಳಗೆ ಹಿಡಿಸುತ್ತಾ ಅಂತ ನೋಡ್ತಿದ್ದೆ ಸ್ವಾಮಿ."

ಚೆಲುವಯ್ಯ ಜೀವಮಾನದಲ್ಲಿ ಮೊದಲ ಸಲ ಮನೆ ಕೊಳ್ಳುತ್ತಿದ್ದ. ಕ್ರಯಪತ್ರ ಬರೆಯಲು ರಾಯರಿಗೆ ಒಪ್ಪಿಸಿ ಐದು ತಿಂಗಳಾಗಿತ್ತು. ಕೇಳಿದಾಗಲೆಲ್ಲ ಅವರದು ಒಂದೇ ಮಾತು: "ಕಾನೂನಿಗೆ ಅವಸರ ಆಗೋದಿಲ್ಲಯ್ಯ. ಮುಂದಿನ ವಾರ ಬಾ." ಮನೆ ಮಾರುವವನ ತಾಳ್ಮೆ ಮುಗಿದಿತ್ತು. ಶುಕ್ರವಾರದೊಳಗೆ ನೋಂದಣಿ ಆಗದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ.

"ಯಾವ ಹಸುವಯ್ಯ?"

"ಗೃಹಪ್ರವೇಶದ್ದು. ಭಾನುವಾರ ಇಟ್ಕೊಂಡಿದೀವಿ. ನಿಮ್ಮ ಮಾತು ನಂಬಿ ಕಾರ್ಡೂ ಅಚ್ಚು ಹಾಕಿಸಿಬಿಟ್ಟೆ."

ರಾಯರು ಕಾರ್ಡು ಓದಿದರು. 'ಸ್ಥಳ: ನಮ್ಮ ಹೊಸ ಮನೆ. ಅಷ್ಟರೊಳಗೆ ಕ್ರಯಪತ್ರ ಆಗದಿದ್ದಲ್ಲಿ, ವಕೀಲ ಶೇಷಗಿರಿರಾಯರ ಮನೆ.'

"ಯಾರಿಗೂ ಹಂಚಿಲ್ಲ ತಾನೆ?"

"ನನ್ನ ಬೀಟಲ್ಲಿ ಕಾಗದ ಒಂದು ದಿನಾನೂ ತಡ ಆಗಲ್ಲ ಸ್ವಾಮಿ. ಜಡ್ಜ್ ಸಾಹೇಬರಿಗೆ ನಿನ್ನೇನೇ ಮುಟ್ತು. ಊರಿನ ವಕೀಲರಿಗೆಲ್ಲ ಇವತ್ತು ಮಧ್ಯಾಹ್ನ."

ರಾಯರ ಹೆಂಡತಿ ಅಂಬುಜಮ್ಮ ಸೌಟು ಹಿಡಿದೇ ಓಡಿಬಂದರು. "ಎಷ್ಟು ಜನ ಬರ್ತಾರಪ್ಪ ಊಟಕ್ಕೆ?"

"ಮುನ್ನೂರೇ ಅಮ್ಮ."

"ಅಯ್ಯೋ! ಹಸು ಸಗಣಿ ಹಾಕಿದರೆ?"

"ರಾಯರ ಆಫೀಸು ರೂಮಲ್ಲೇ ಕಟ್ತೀವಿ. ಅಲ್ಲಿ ಕಾಗದ ಬೇಕಾದಷ್ಟಿದೆ."

ರಾಯರು ಮೇಜಿನತ್ತ ಓಡಿದರು. ಪೆನ್ನಿನ ಮುಚ್ಚಳವನ್ನು ಅಂಬುಜಮ್ಮನವರೇ ತೆಗೆದುಕೊಟ್ಟು, ಸೌಟು ಹಿಡಿದು ಪಕ್ಕದಲ್ಲೇ ನಿಂತರು.

ಗುರುವಾರ ನೋಂದಣಿ ಆಯಿತು. ಭಾನುವಾರ ಹಸು ಚೆಲುವಯ್ಯನ ಮನೆಗೇ ಹೋಯಿತು.