ಹರಿಗೋಲು ಗೆದ್ದ ಅಕ್ಕತಂಗಿಯರು

ಕಾಲು ಚಾಚಿ ಮಲಕ್ಕೋ ಪುಟ್ಟಿ. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೇ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಹೊಳೆ ದಡದಲ್ಲಿ ಅಂಬಿಗರ ಗೌರವ್ವ ಅಂತ ಒಬ್ಬಳಿದ್ದಳಂತೆ. ಅವಳಿಗೆ ಮೂವರು ಹೆಣ್ಣುಮಕ್ಕಳಂತೆ. ದೊಡ್ಡವಳು ದುರುಗವ್ವ ಕಣಜದ ಹಾಗೆ ದಪ್ಪ, ನಡುವಿನವಳು ನೀಲವ್ವ ಸೂರು ಮುಟ್ಟುವಷ್ಟು ಎತ್ತರ, ಕಿರಿಯವಳು ಚಿನ್ನವ್ವ ನಿನ್ನ ಹಾಗೇ ಗಿಡ್ಡಿ, ಒಂದು ಕಡೆ ನಿಲ್ಲದವಳು.

ಗೌರವ್ವನ ಗಂಡ ತೀರಿಕೊಂಡ ಮೇಲೆ, ಅವನು ಜನರನ್ನ ದಾಟಿಸುತ್ತಿದ್ದ ಊರ ಹರಿಗೋಲು ಇನ್ನು ಯಾರಿಗೆ ಅಂತ ಆ ಊರಿನ ಪದ್ಧತಿಯಂತೆ ಪಂದ್ಯ ಕಟ್ಟಿದರಂತೆ. ಲಂಗರಿನ ಕಲ್ಲು ಎಸೀಬೇಕು, ಮುಳುಗೋರಿಗೆ ಕೊಡೋ ಬಿದಿರ ಗಳ ಎಸೀಬೇಕು, ಹರಿಗೋಲಲ್ಲಿ ನಿಂತು ಬಲೆ ಬೀಸಬೇಕು. ಒಬ್ಬರೇ ಮಾಡಲಿ, ಮನೆಯವರೆಲ್ಲ ಹಂಚಿಕೊಳ್ಳಲಿ, ಮೂರನ್ನೂ ಗೆದ್ದ ಮನೆಗೆ ಹರಿಗೋಲು. ಆಚೆ ದಡದ ಗರಡಿ ಆಳು ಕೊಟ್ರಪ್ಪನೂ ಮೀಸೆ ತೀಡಿಕೊಂಡು ಬಂದನಂತೆ. ಅವನು ಗೆದ್ದರೆ ಇವರ ಅನ್ನ ಹೋಯಿತು ನೋಡು.

ಮೂರು ಸರದಿ ಇತ್ತಂತೆ, ಅದರಲ್ಲಿ ಚೆನ್ನಾಗಿ ಬಿದ್ದದ್ದೇ ಲೆಕ್ಕ. ಕೊಟ್ರಪ್ಪ ಕಲ್ಲು, ಗಳ ಎರಡನ್ನೂ ದೂರ ಎಸೆದ, ಬಲೆ ಬೀಸೋಕೆ ಹೋಗಿ ಮಾತ್ರ ಹರಿಗೋಲು ಮಗುಚಿಕೊಂಡ. ಈ ಹುಚ್ಚು ಹುಡುಗೀರು ಏನು ಮಾಡಿದರು ಗೊತ್ತಾ? ದುರುಗವ್ವ ದಪ್ಪ ಅನ್ನಿಸಿಕೊಳ್ಳೋ ನಾಚಿಕೆಗೆ ಬಲೆ ಹಿಡಿದಳಂತೆ, ಹರಿಗೋಲು ವಾಲಿ ನೀರಿಗೆ ಬಿದ್ದಳಂತೆ. ನೀಲವ್ವ ಉದ್ದ ಕಾಣಬಾರದು ಅಂತ ಬೆನ್ನು ಬಗ್ಗಿಸಿಕೊಂಡು ಕಲ್ಲು ಎತ್ತಿದಳಂತೆ, ಅದು ಕಾಲ ಬುಡಕ್ಕೇ ಬಿತ್ತಂತೆ. ಚಿನ್ನವ್ವ ದೊಡ್ಡವಳಾಗೋ ಆಸೆಗೆ ಗಳ ಹಿಡಿದಳಂತೆ, ಗಳವೇ ಅವಳನ್ನ ಎಳಕೊಂಡು ಹೋಯಿತಂತೆ! ಊರೆಲ್ಲ ಬಿದ್ದೂ ಬಿದ್ದೂ ನಕ್ಕಿತಂತೆ. ಎರಡನೇ ಸರದಿಗೂ ಅದೇ ರಾಗ.

ಆಮೇಲೆ ಗೌರವ್ವನಿಗೆ ಅಳುವೂ ಬಂತಂತೆ, ಸಿಟ್ಟೂ ಬಂತಂತೆ. ಮೂವರ ಕಿವಿ ಹಿಂಡಿ, ನಾನು ಹೆತ್ತ ಮೈಗೆ ನಾಚ್ಕೋತೀರೇನ್ರೇ, ದುರುಗಿ, ಕಲ್ಲು ನೀನೆತ್ತು, ನೀಲಿ, ನೆಟ್ಟಗೆ ನಿಂತು ಗಳ ಹಿಡಿ, ಚಿನ್ನಿ, ನೀನು ಹರಿಗೋಲು ಹತ್ತು ಅಂದಳಂತೆ.

ದುರುಗವ್ವ ಮೈಭಾರವನ್ನೆಲ್ಲ ಹಾಕಿ ತಳ್ಳಿದಳಂತೆ, ಕಲ್ಲು ಕೊಟ್ರಪ್ಪನ ಗುರುತು ದಾಟಿ ಧುಡುಂ ಅಂತ ಬಿತ್ತಂತೆ. ಆಮೇಲೆ ನೀಲವ್ವ ಆ ಉದ್ದ ತೋಳು ಬೀಸಿದಳಂತೆ, ಗಳ ಹೊಳೆ ನಡುವಿಗೇ ಹೋಯಿತಂತೆ. ಆಮೇಲೆ ಬಲೆ. ಕೊಟ್ರಪ್ಪ ಮೂರನೇ ಸಲವೂ ಹರಿಗೋಲು ಮಗುಚಿಕೊಂಡನಂತೆ. ಚಿನ್ನವ್ವ ಮಾತ್ರ ಬುಗುರಿ ಹಾಗೆ ಗಿರ್ರನೆ ತಿರುಗಿ ಬೀಸಿದಳಂತೆ, ಬಲೆ ದುಂಡಗೆ ಅರಳಿ ನೀರಿಗೆ ಬಿತ್ತಂತೆ. ನಕ್ಕಿದ್ದ ಊರೇ ಕುಣೀತಂತೆ! ಗೌರವ್ವ ಮಕ್ಕಳನ್ನ ತಬ್ಬಿಕೊಂಡು ಅತ್ತಳಂತೆ, ಎಂಥಾ ಸಂತೋಷದ ಅಳು ಅಂತೀಯ.

ಪಾಪ, ಒದ್ದೆ ಮುದ್ದೆಯಾದ ಕೊಟ್ರಪ್ಪ ಮನೆಗೆ ಹೋಗಬೇಕಲ್ಲ? ಅಕ್ಕಾ, ಆಚೆ ದಡಕ್ಕೆ ಬಿಡ್ತೀರಾ ಅಂತ ಕೇಳಿದನಂತೆ. ಬಾ ಅಣ್ಣಾ, ನಡುವೆ ಕೂತ್ಕೋ ಅಂತ ದುರುಗವ್ವ ಕೈ ಹಿಡಿದು ಹತ್ತಿಸಿಕೊಂಡಳಂತೆ. ಅವರ ಹರಿಗೋಲಿನ ಮೊದಲನೇ ಗಿರಾಕಿ ಅವನೇ. ಕತೆ ದಡ ಮುಟ್ಟಿತು, ಮುಗೀತು.