ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ನದಿ ಕಡಲಿಗೆ ಸೇರುವ ಕಡೆ ಗುರುಗಳ ಆಶ್ರಮ. ಆಶ್ರಮಕ್ಕೊಂದು ಹಾಯಿದೋಣಿ. ಜನರನ್ನು ಆಚೆ ದಡಕ್ಕೆ ದಾಟಿಸುವುದು ಅದರ ಕೆಲಸ. ಚುಕ್ಕಾಣಿ ಯಾವತ್ತೂ ಗುರುಗಳ ಕೈಯಲ್ಲೇ.

ಶಿಷ್ಯ ಬೀರಣ್ಣನಿಗೆ ಆ ಚುಕ್ಕಾಣಿಯ ಮೇಲೆ ಕಣ್ಣು. ಅದನ್ನವನು ಮುಚ್ಚಿಟ್ಟವನೂ ಅಲ್ಲ.

“ನನಗೆ ಯಾವಾಗ ಕೊಡ್ತೀರಿ ಗುರುಗಳೇ?”

“ದೋಣಿಯ ದೀಪಗಳು ಹಾಳಾಗಿವೆ. ರಿಪೇರಿ ಮಾಡು. ಸರಿಯಾದರೆ ನಾಳೆಯಿಂದ ನೀನೇ.”

ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಒಂದು ಮಗ್ಗುಲಿನ ದೀಪ ಇನ್ನೊಂದು ಮಗ್ಗುಲಿನಿಂದ ಕಾಣದು. ದೋಣಿ ಯಾವ ಕಡೆ ಹೊರಟಿದೆ ಎಂದು ಕತ್ತಲಲ್ಲಿ ಎದುರು ಬರುವವರಿಗೆ ತಿಳಿಯುವುದು ಅವುಗಳಿಂದಲೇ.

“ಬಿಚ್ಚುವಾಗ ಗುರುತು ಹಾಕ್ಕೋ” ಎಂದರು ಗುರುಗಳು.

“ಇರೋದೇ ಎರಡು ದೀಪ. ಅದಕ್ಕೂ ಗುರುತು ಬೇಕಾ?” ಎಂದು ನಕ್ಕ ಬೀರಣ್ಣ.

ದೋಣಿಯನ್ನು ಮರಳಿಗೆಳೆದು, ಅದರ ಮೂತಿಗೆ ಎದುರಾಗಿ ಕೂತು ಕೆಲಸ ಮಾಡಿದ. ಕೆಲಸದಲ್ಲಿ ಅವನನ್ನು ಆಡಿಕೊಳ್ಳುವ ಹಾಗಿಲ್ಲ. ಹಿತ್ತಾಳೆಯ ಕಿಲುಬು ತಿಕ್ಕಿದ, ತುಕ್ಕು ಹಿಡಿದ ಸ್ಕ್ರೂ ತೆಗೆದ, ಹೊಸ ವೈರು ಎಳೆದ, ನೀರು ನುಗ್ಗದಂತೆ ರಬ್ಬರು ಕೂರಿಸಿದ.

ಗುರುಗಳು ಬಂದು ನೋಡಿದರು. ಹೊಗಳಲೂ ಇಲ್ಲ, ತೆಗಳಲೂ ಇಲ್ಲ.

“ಲಾಟೀನು ಹಚ್ಚಿಕೊಂಡು ಚಿಕ್ಕ ದೋಣೀಲಿ ಹೋಗು. ಕತ್ತಲಾದ ಮೇಲೆ ಹಾಯಿದೋಣೀಲಿ ಬರೋ ನನಗೆ ಎದುರಾಗಿ ಬಾ. ನನ್ನ ದೀಪ ನೋಡಿ ದಾರಿ ಬಿಡು.”

ಕತ್ತಲಾಯಿತು. ಬೀರಣ್ಣನಿಗೆ ದೂರದಲ್ಲಿ ಹಸಿರು ದೀಪ ಮಾತ್ರ ಕಂಡಿತು. ಕಾಣುತ್ತಿರುವುದು ಬಲಮಗ್ಗುಲು, ಅಂದರೆ ದೋಣಿ ನನ್ನ ಬಲಕ್ಕೆ ಹೊರಟಿದೆ ಎಂದುಕೊಂಡ. ಧೈರ್ಯವಾಗಿ ಎಡಕ್ಕೆ ಹುಟ್ಟು ಹಾಕಿದ.

ಹಾಯಿದೋಣಿ ನೇರ ಅವನ ಮೇಲೆಯೇ ಬಂತು.

ಗುರುಗಳು ಚುಕ್ಕಾಣಿ ಎಳೆದರು. ಎರಡು ದೋಣಿಗಳ ನಡುವೆ ಒಂದು ಮೊಳ ಉಳಿಯಿತು.

ದಡದಲ್ಲಿ ಅವನು ತಲೆ ತಗ್ಗಿಸಿ ನಿಂತ.

“ಅದಲುಬದಲು ಮಾಡಿಬಿಟ್ಟೆ. ದೋಣಿಗೆ ಎದುರಾಗಿ ಕೂತಿದ್ದೆ. ನನ್ನ ಎಡವನ್ನೇ ದೋಣಿಯ ಎಡ ಅಂದುಕೊಂಡೆ. ನಿಮಗೆ ಮೊದಲೇ ಗೊತ್ತಿತ್ತಾ?”

“ನೋಡಿದಾಗಲೇ ಗೊತ್ತಾಯ್ತು.”

ಬೀರಣ್ಣನಿಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನಾಚಿಕೆಯೇ ಹೆಚ್ಚು.

“ಇನ್ನು ಚುಕ್ಕಾಣಿಯ ಮಾತೆತ್ತಲ್ಲ ಗುರುಗಳೇ.”

ಗುರುಗಳು ಸ್ಕ್ರೂಡ್ರೈವರನ್ನು ಅವನ ಕೈಗಿಟ್ಟರು.

“ದೀಪಗಳ ಜಾಗ ಬದಲಿಸು. ಬೆಳಿಗ್ಗೆ ಜನ ಕಾಯ್ತಿರ್ತಾರೆ, ದೋಣಿ ನಡೆಸೋನು ನೀನೇ.”

“ಇಷ್ಟಾದ ಮೇಲೂ ನನಗೇ ಕೊಡ್ತೀರಾ?”

“ಎದುರು ದೋಣೀಲಿ ಕೂತು ಬಂದವನಿಗೆ ಕೊಡದೆ ಇನ್ಯಾರಿಗೆ ಕೊಡಲಿ?”