ಸಬೇಲಾಳ ಹೆಗಲು

ಸ್ಪೇನ್ ದೇಶದ ವಾಯವ್ಯ ಮೂಲೆಯಲ್ಲಿ, ಗಲೀಸಿಯಾ ಸೀಮೆಯ ಕಡಲಂಚಿಗೆ, ಮರೇಡ ಎಂಬ ಮೀನುಗಾರರ ಊರೊಂದಿದೆ. ಊರ ನೆತ್ತಿಯ ಮೇಲೆ ಕಾರ್ಮೆನ್ ಮಾತೆಯ ಇಗರ್ಜಿ, ಬುಡದಲ್ಲಿ ದೋಣಿಗಳ ದಕ್ಕೆ, ಇವೆರಡರ ನಡುವೆ ಕಲ್ಲು ಹಾಸಿದ ಕಡಿದಾದ ಇಳಿಜಾರು. ಆ ಇಳಿಜಾರಿಗೆ ಊರವರು 'ಸಬೇಲಾಳ ಹೆಗಲು' ಎನ್ನುತ್ತಾರೆ. ಹೊಸಬರು ಹೆಸರು ಕೇಳಿ, ಗುಡ್ಡ ಹೆಗಲಿನ ಹಾಗೆ ಕಾಣುವುದರಿಂದ ಹೀಗೆ ಕರೆಯುತ್ತಿರಬೇಕೆಂದು ತಾವೇ ತೀರ್ಮಾನಿಸಿಕೊಂಡು, ಸುಟ್ಟ ಬೂತಾಯಿ ಮೀನಿನ ವಾಸನೆ ಹಿಡಿದು ದಕ್ಕೆಗೆ ಇಳಿದುಬಿಡುತ್ತಾರೆ. ಗುಡ್ಡಕ್ಕೂ ಹೆಗಲಿಗೂ ಯಾವ ಹೋಲಿಕೆಯೂ ಇಲ್ಲ. ಇಗರ್ಜಿಯ ಮೆಟ್ಟಿಲ ಮೇಲೆ ಬಲೆ ಹೊಲಿಯುತ್ತ ಕೂತ ಮುದುಕಿಯರನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು. ಕೇಳುವ ವ್ಯವಧಾನ ಯಾರಿಗಿದೆ?

ಹಿಂದೆ ಒಮ್ಮೆ, ಹಾಯಿಹಡಗುಗಳ ಕಾಲದಲ್ಲಿ, ಆ ಊರಿನಲ್ಲಿ ಎರಡು ಕಟ್ಟಳೆಗಳಿದ್ದವು. ಜುಲೈ ನಡುವೆ ಬರುವ ಮಾತೆಯ ಹಬ್ಬದಂದು ಅವಳ ಮರದ ಮೂರ್ತಿಯನ್ನು ಪಲ್ಲಕ್ಕಿಯಲ್ಲಿ ನಿಲ್ಲಿಸಿ, ಹೊತ್ತು ಇಳಿಸಿ, ಹೂವಿನ ದೋಣಿಯಲ್ಲಿ ಕಡಲಿಗೆ ಕರೆದೊಯ್ಯುತ್ತಿದ್ದರು. ಪಲ್ಲಕ್ಕಿಯ ದಂಡಿಗೆಗಳಿಗೆ ನಾಲ್ಕು ತುದಿ, ಒಂದೊಂದು ತುದಿಯೂ ಒಂದೊಂದು ಮನೆತನದ್ದು. ಮನೆಯಲ್ಲಿ ಗಂಡಸಿಲ್ಲವಾದರೆ ತುದಿ ಬೇರೆ ಮನೆಗೆ ಹೋಗತಕ್ಕದ್ದು, ಇದು ಮೊದಲನೆಯ ಕಟ್ಟಳೆ. ಎರಡನೆಯದು ಇನ್ನೂ ಕಠಿಣ. ಕಡಲಿಗೆ ಹೋಗಿ ಮರಳದವರ ಹೆಸರನ್ನು ಅಂದು ನಡುನೀರಿನಲ್ಲಿ ಪಾದ್ರಿ ಕೂಗಿ ಹೇಳಬೇಕು, ಹೆಸರಿಗೊಂದರಂತೆ ಹೂಮಾಲೆ ನೀರಿಗೆ ಬಿಡಬೇಕು. ಮಾಲೆ ತೇಲಿತೆಂದರೆ ಮನುಷ್ಯ ಸತ್ತನೆಂದೇ ಲೆಕ್ಕ, ಹೆಂಡತಿಗೆ ಅಂದಿನಿಂದ ಕಪ್ಪು ಬಟ್ಟೆ.

ಮುಂದಿನ ಎಡತುದಿ ಮೌರೊ ಎಂಬ ಬೆಸ್ತನ ಮನೆಯದು. ಆಳು ತಾಳೆಮರದಷ್ಟು ಎತ್ತರ. ಇಳಿಜಾರಿನಲ್ಲಿ ಉದ್ದನೆಯವರು ಮುಂದೆ, ಗಿಡ್ಡರು ಹಿಂದೆ ನಿಂತರೆ ಪಲ್ಲಕ್ಕಿ ಸಮನಾಗಿರುತ್ತದೆ ಎಂಬುದು ಹೊರುವವರ ಮೊದಲ ಪಾಠ. ಅವನ ಹೆಂಡತಿ ಸಬೇಲಾ ಅವನ ಎದೆಮಟ್ಟಕ್ಕೆ ಬರುವ ಹೆಣ್ಣು. ದಂಡಿಗೆ ಒತ್ತದಿರಲೆಂದು ಕುರಿಯ ಚರ್ಮಕ್ಕೆ ಉಣ್ಣೆ ತುಂಬಿ ಅವಳೇ ಅವನಿಗೊಂದು ಹೆಗಲುಮೆತ್ತೆ ಹೊಲಿದುಕೊಟ್ಟಿದ್ದಳು. ಒಂದು ವರ್ಷ ಹಬ್ಬ ಮುಗಿದ ಮರುದಿನವೇ ಅವನು ಸಾಗರದಾಚೆಯ ಮಂಜಿನ ನೀರಿಗೆ, ದೊಡ್ಡ ಮೀನಿನ ಬೇಟೆಗೆ ಹೊರಟ. ಹಡಗು ಹತ್ತುವ ಮುನ್ನ ಮೆತ್ತೆಯನ್ನು ಅವಳ ಕೈಗಿಟ್ಟು, "ಮುಂದಿನ ಹಬ್ಬಕ್ಕೆ ನಾನೇ ಹೊರುತ್ತೇನೆ. ಅಲ್ಲಿಯವರೆಗೆ ನನ್ನ ಜಾಗ ಯಾರಿಗೂ ಬಿಡಬೇಡ" ಎಂದನಂತೆ. ಶರತ್ಕಾಲಕ್ಕೆ ಉಳಿದ ಹಡಗುಗಳೆಲ್ಲ ಬಂದವು, ಅವನದು ಬರಲಿಲ್ಲ. ಸಬೇಲಾ ಚಳಿಗಾಲವಿಡೀ, ವಸಂತವಿಡೀ ದಕ್ಕೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಅಷ್ಟರಲ್ಲಿ ಹಬ್ಬ ಹತ್ತಿರವಾಯಿತು.

ದೋಣಿಯವರ ಮುಖಂಡನಾದ ಗುರಿಕಾರ ಫೂಕೊ, ಊರಿಗೆಲ್ಲ ಮಾವನೆನಿಸಿಕೊಂಡವನು. ಮುಂದಿನ ಬಲತುದಿ ಹೊರುತ್ತಿದ್ದವನೂ ಅವನೇ. ಒಂದು ದಿನ ಅವನು ಸಬೇಲಾಳ ಹೊಸ್ತಿಲಿಗೆ ಬಂದು ಟೋಪಿ ತೆಗೆದು ನಿಂತ.

"ಹೋದವರು ಬರುವುದಿಲ್ಲವಮ್ಮ. ಮೌರೊನ ಹೆಸರು ಕೊಡು, ಮಾಲೆ ಬಿಡೋಣ. ಅವನ ತುದಿಗೆ ಬೇರೆ ಮನೆಯವರನ್ನು ನೋಡಬೇಕು."

"ಅವನು ಸತ್ತದ್ದನ್ನು ಕಂಡವರು ಯಾರು, ಮಾವ? ನಾಳೆ ಅವನು ಬಂದು, ತನ್ನ ಜಾಗದಲ್ಲಿ ಇನ್ನೊಬ್ಬನ ಹೆಗಲು ನೋಡಿದರೆ ನಾನು ಯಾವ ಮುಖ ಇಟ್ಟುಕೊಂಡು ಮಾತಾಡಲಿ?"

"ಗಂಡಸಿಲ್ಲದ ಮನೆಗೆ ದಂಡಿಗೆಯಿಲ್ಲ. ಇದೇನು ನಾನು ಮಾಡಿದ ಕಟ್ಟಳೆಯೇ?"

"ಮನೆಯಲ್ಲಿ ಒಂದು ಹೆಗಲಂತೂ ಇದೆ. ಅಷ್ಟು ಸಾಲದೇ?" ಎಂದಳು ಸಬೇಲಾ.

ದುಃಖಕ್ಕೆ ಏನೋ ಆಡುತ್ತಾಳೆ ಎಂದುಕೊಂಡು ಫೂಕೊ ಹಿಂದಿರುಗಿದ. ಆದರೆ ಹಬ್ಬದ ಬೆಳಿಗ್ಗೆ, ಚೀಲದ ಕೊಳಲು ಊದುವವರು ಇನ್ನೂ ಚರ್ಮದ ಚೀಲಕ್ಕೆ ಉಸಿರು ತುಂಬುತ್ತಿರುವಾಗಲೇ, ಅವಳು ಗಂಡನ ಮೆತ್ತೆಯನ್ನು ಹೆಗಲಿಗೇರಿಸಿ ಬಂದು ಎಡತುದಿಗೆ ನಿಂತುಬಿಟ್ಟಳು. ಊರು ಮೂಗಿನ ಮೇಲೆ ಬೆರಳಿಟ್ಟಿತು. ಹೆಂಗಸು ಮಾತೆಯನ್ನು ಹೊತ್ತದ್ದು ಅಜ್ಜ ಮುತ್ತಜ್ಜರ ಕಾಲದಲ್ಲೂ ಇರಲಿಲ್ಲ. ಪಾದ್ರಿ ಫೂಕೊನ ಮುಖ ನೋಡಿದರು. ನಾಲ್ಕು ಹೆಜ್ಜೆಗೆ ತಾನಾಗಿಯೇ ಬಿಡುತ್ತಾಳೆ, ಜಗಳವೇಕೆ ಎಂದು ಲೆಕ್ಕ ಹಾಕಿ ಅವನು "ಎತ್ತಿ" ಎಂದ. ಸಮತಟ್ಟಿನಲ್ಲಿ ದಂಡಿಗೆ ಅವಳ ಹೆಗಲಿಗೆ ತಾಗಿಯೂ ತಾಗದಂತಿತ್ತು, ಕೆಲವರು ಮುಸಿಮುಸಿ ನಕ್ಕರು. ಇಳಿಜಾರು ಶುರುವಾದದ್ದೇ ಪಲ್ಲಕ್ಕಿ ಅವಳ ಕಡೆಗೆ ವಾಲಿತು, ಭಾರವೆಲ್ಲ ಆ ಪುಟ್ಟ ಹೆಗಲಿಗೆ ಬಂದು ಬಿತ್ತು. ನಡುದಾರಿಯಲ್ಲಿ ಅವಳ ಹೆಜ್ಜೆ ಕಲ್ಲಿನ ಮೇಲೆ ಜಾರಿತು, ನಗುತ್ತಿದ್ದವರು ಶಿಲುಬೆಯ ಗುರುತು ಹಾಕಿಕೊಂಡರು. ಮಾತೆ ನೆಲಕ್ಕೆ ಬಿದ್ದರೆ ಊರಿಗೇ ಕೇಡು, ಮೌರೊನ ಜಾಗ ಅಂದಿಗೇ ಮುಗಿದಂತೆ. ಸಬೇಲಾ ಹಲ್ಲು ಕಚ್ಚಿ ನಿಂತಳು, ಬಿಡಲಿಲ್ಲ. ಫೂಕೊ ಅವಳತ್ತ ಒಮ್ಮೆ ನೋಡಿದ. ಆಮೇಲೆ ತನ್ನ ಮೊಣಕಾಲು ಬಗ್ಗಿಸಿ ಅವಳ ಮಟ್ಟಕ್ಕೆ ತಗ್ಗಿದ. ಭಾರ ಇಬ್ಬರಿಗೂ ಹಂಚಿತು. ಹಾಗೆ ತಗ್ಗಿಕೊಂಡೇ ಆ ಮುದುಕ ದಕ್ಕೆಯವರೆಗೂ ನಡೆದ. ಮುಂದಿನವರಿಬ್ಬರೂ ತಗ್ಗಿದ್ದರಿಂದ ಮಾತೆ ಮುಂದಕ್ಕೆ ಬಾಗಿ, ಕಡಲಿನಲ್ಲಿ ಯಾರನ್ನೋ ಹುಡುಕುವವಳಂತೆ ಇಳಿದು ಬಂದಳು. ಅಂದು ನಡುನೀರಿನಲ್ಲಿ ಪಾದ್ರಿ ಆ ಹಡಗಿನವರ ಹೆಸರುಗಳನ್ನೆಲ್ಲ ಕೂಗಿದರು, ಮೌರೊನ ಹೆಸರೊಂದನ್ನು ಬಿಟ್ಟು.

ಆಮೇಲೆ ಪ್ರತಿ ಹಬ್ಬಕ್ಕೂ ಅವಳೇ ಹೊತ್ತಳು. ವರ್ಷ ವರ್ಷ ಮೆತ್ತೆಯ ಉಣ್ಣೆ ಬದಲಾಯಿತು, ಅವಳ ತಲೆಯೂ ಉಣ್ಣೆಯಂತೆ ಬೆಳ್ಳಗಾಯಿತು. ಆಡಿಕೊಳ್ಳುವ ಬಾಯಿಗೆ ಬೀಗವುಂಟೇ? ಹುಚ್ಚಿ ಎಂದರು, ಹಟಮಾರಿ ಎಂದರು. ಅವನು ಬರುವುದಿಲ್ಲವೆಂಬುದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು ಎನ್ನುತ್ತಾರೆ ಮರೇಡದ ಮುದುಕಿಯರು. ಆದರೆ ವರ್ಷವಿಡೀ ಎಲ್ಲೂ ಸಿಗದವನು ಆ ಇಳಿಜಾರಿನಲ್ಲಿ ಸಿಗುತ್ತಿದ್ದ. ಅವನು ಹೊತ್ತ ಭಾರ, ಅವನು ಹೊತ್ತ ಕಡೆಯೇ ಅವಳನ್ನು ಒತ್ತುತ್ತಿತ್ತು. ಆ ಒತ್ತಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು.

ಕೊನೆಗೆ ಮೆಟ್ಟಿಲಿಳಿಯಲೂ ಆಗದ ವರ್ಷ ಬಂತು. ಫೂಕೊ ತೀರಿಕೊಂಡು, ಅವನ ತುದಿ ಹಿರಿಮಗನದಾಗಿತ್ತು. ಕಿರಿಮಗ ಸಿಬ್ರಾನ್ ಬಂದು, ಎಡತುದಿಗೆ ತಾನು ನಿಲ್ಲಲೇ ಎಂದು ಕೇಳಿದ. ಸಬೇಲಾ ಮೆತ್ತೆಯನ್ನು ಅವನ ಹೆಗಲಿಗಿಟ್ಟು, "ಇದು ಕೊಟ್ಟದ್ದಲ್ಲ ಮಗಾ. ಅವನು ಬರುವವರೆಗೆ ಹೊತ್ತುಕೊಂಡಿರು. ಎತ್ತುವ ಮುಂಚೆ ಬಂದನೋ ಎಂದು ಒಮ್ಮೆ ಕೇಳು" ಎಂದಳು. ಉದ್ದನೆಯ ಗಂಡಸರು ಎತ್ತಿದರು. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಮಾತೆ ನೆಟ್ಟಗೆ ಹೊರಟಳು, ಜನ ಚಪ್ಪಾಳೆ ತಟ್ಟಿದರು. ಇಗರ್ಜಿಯ ಮೆಟ್ಟಿಲ ಮೇಲೆ ಕೂತಿದ್ದ ಸಬೇಲಾ ಮಾತ್ರ ಗಳಗಳನೆ ಅತ್ತಳು. "ಹಾಗೆ ನೆಟ್ಟಗೆ ನಿಂತರೆ ಅವಳಿಗೆ ಕಡಲು ಹೇಗೆ ಕಾಣಬೇಕು?" ಎಂದಳು. ಸಿಬ್ರಾನ್ ಅದನ್ನು ಕೇಳಿಸಿಕೊಂಡ. ಅಪ್ಪ ನಡೆದದ್ದು ಅವನಿಗೆ ನೆನಪಿತ್ತು. ಅವನು ಮೊಣಕಾಲು ಬಗ್ಗಿಸಿದ, ಬಲತುದಿಯಲ್ಲಿದ್ದ ಅವನ ಅಣ್ಣನೂ ಬಗ್ಗಿಸಿದ.

ಇಂದಿಗೂ ಹಬ್ಬಕ್ಕೆ ಹೋದವರು ನೋಡಬಹುದು. ಮುಂದೆ ಹೊರುವ ಇಬ್ಬರೂ ಇಳಿಜಾರಿನುದ್ದಕ್ಕೂ ಮೊಣಕಾಲು ಬಗ್ಗಿಸಿಯೇ ನಡೆಯುತ್ತಾರೆ, ಮಾತೆ ಬಾಗಿ ಕಡಲು ನೋಡುತ್ತ ಇಳಿಯುತ್ತಾಳೆ. ಪರವೂರ ಜಾಣರು, ಇವರಿಗೆ ಹೊರಲೂ ಬಾರದು ಎಂದು ನಗುತ್ತಾರೆ, ನಗಲಿ. ಸತ್ತವರ ಹೆಸರು ಕೂಗುವಾಗ ಮೌರೊನ ಹೆಸರು ಇಂದಿಗೂ ಬರುವುದಿಲ್ಲ. ಪಲ್ಲಕ್ಕಿ ಎತ್ತುವ ಮುನ್ನ ಕೊಳಲು ನಿಲ್ಲುತ್ತದೆ, ಮಕ್ಕಳ ಬಾಯಿಗೂ ಅಮ್ಮಂದಿರು ಕೈ ಇಡುತ್ತಾರೆ. ಎಡತುದಿಯವನು ಕಡಲಿಗೆ ಮುಖ ಮಾಡಿ, "ಮೌರೊ, ಬಂದೆಯಾ?" ಎಂದು ಕೇಳುತ್ತಾನೆ. ಊರೆಲ್ಲ ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ ಅವನು ದಂಡಿಗೆಗೆ ಹೆಗಲು ಕೊಡುತ್ತಾನೆ.